ಒಂದು ಹನಿ, ಎಪ್ಪತ್ತು ಪಾಲು

2023ರ ಆಗಸ್ಟ್ 20, ಭಾನುವಾರ ಬೆಳಿಗ್ಗೆ. ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹೊರಗಿನ ಹೊಲವೊಂದರಲ್ಲಿ ವಿಮಾನ ಬಿತ್ತು. ಒಳಗೆ ಯಾರೂ ಇರಲಿಲ್ಲ, ಜನ ಕೂರುವ ಪೈಕಿಯ ವಿಮಾನವೂ ಅದಲ್ಲ. ಚಳ್ಳಕೆರೆ ತಾಲ್ಲೂಕಿನ ಕಾವಲಿನಲ್ಲಿರುವ ಡಿಆರ್‌ಡಿಒ ಪರೀಕ್ಷಾ ನೆಲೆಯಿಂದ ಎದ್ದು ಬಂದಿದ್ದ ಡ್ರೋನ್ ಅದು, ಹೆಸರು 'ತಪಸ್'. ಸುದ್ದಿ ಹಬ್ಬಿದ್ದೇ ತಡ, ಸುತ್ತಲ ಊರಿನವರು ಬಂದು ನಿಂತು ಮೊಬೈಲಿನಲ್ಲಿ ಹಿಡಿದುಕೊಂಡರು. ಯಾರಿಗೂ ಏನೂ ಆಗಲಿಲ್ಲ. 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿ ಹತ್ತಿರವೂ ಇದರ ಅಣ್ಣನೊಬ್ಬ ಬಿದ್ದಿದ್ದ. ಹಾಗಾಗಿ ನಮ್ಮ ಚಿತ್ರದುರ್ಗ ಜಿಲ್ಲೆಗೆ ಇದು ತೀರಾ ಹೊಸ ನೋಟವೇನಲ್ಲ.

ಬಿದ್ದ ಸುದ್ದಿ ಪತ್ರಿಕೆಯಲ್ಲಿ ಬಂತು, ಟಿವಿಯಲ್ಲಿ ಬಂತು. ನನ್ನನ್ನು ಹಿಡಿದುಕೊಂಡದ್ದು ಆ ಸುದ್ದಿಗಳ ನಡುವೆ ಸಿಕ್ಕ ಒಂದು ಅಂಕಿ: 24 ಗಂಟೆ. ತಪಸ್ ಒಮ್ಮೆ ಏರಿದರೆ 30,000 ಅಡಿ ಎತ್ತರದಲ್ಲಿ 24 ಗಂಟೆ ಇಳಿಯದೆ ಇರಬೇಕು ಎಂಬುದು ಸೇನೆಯ ಬೇಡಿಕೆ. 2016ರ ನವೆಂಬರ್ 15ರಂದು ಇದೇ ನೆಲದಿಂದ ಮೊದಲ ಸಲ ಹಾರಿದ ಎರಡು ಟನ್ ತೂಕದ ಯಂತ್ರ ವರ್ಷ ವರ್ಷ ಸುಧಾರಿಸಿತು. 2020ರ ಅಕ್ಟೋಬರಿನಲ್ಲಿ 16,000 ಅಡಿಯಲ್ಲಿ 8 ಗಂಟೆ ಹಾರಿತು, ಆಮೇಲೆ 28,000 ಅಡಿಗೆ, 18 ಗಂಟೆಗೆ ಬಂದು ಮುಟ್ಟಿತು. 24 ಮಾತ್ರ ಆಗಲಿಲ್ಲ. ಹೆಸರೇನೋ ತಪಸ್ಸು, ಕೂತಲ್ಲೇ ಕೂರಬೇಕಾದ್ದು. ಹೊಟ್ಟೆ ಕೇಳಬೇಕಲ್ಲ.

ಇಂಜಿನ್ ಎಷ್ಟು ಹೊತ್ತು ಓಡುತ್ತದೆ ಎನ್ನುವುದು ಕೇಳಲು ಮಕ್ಕಳ ಪ್ರಶ್ನೆ. ಟ್ಯಾಂಕ್ ದೊಡ್ಡದು ಮಾಡಿದರೆ ಮುಗಿಯಿತು ಅನ್ನಿಸುತ್ತದೆ. ಹಾಗಲ್ಲ ಎಂದು ನನಗೆ ಅರ್ಥ ಮಾಡಿಸಿದ್ದು ತಪಸ್ ಅಲ್ಲ, ಅಂಗೈಯಲ್ಲಿ ಕೂರುವ ಆಟಿಕೆ ಇಂಜಿನ್.

ಹೈಸ್ಕೂಲಿನಲ್ಲಿದ್ದಾಗ ಎನ್‌ಸಿಸಿ ವಾಯುದಳದ ಹುಡುಗರು ನಮ್ಮ ಮೈದಾನಕ್ಕೆ ಮಾದರಿ ವಿಮಾನ ತಂದಿದ್ದರು. ಎರಡು ತೆಳು ತಂತಿಯ ತುದಿಯಲ್ಲಿ ವಿಮಾನ, ಇನ್ನೊಂದು ತುದಿಯ ಹಿಡಿಕೆ ಒಬ್ಬ ಹುಡುಗನ ಕೈಯಲ್ಲಿ. ಅವನು ನಡುವೆ ನಿಂತು ಗಿರಗಿರ ತಿರುಗುತ್ತಾನೆ, ವಿಮಾನ ಅವನ ಸುತ್ತ ಗಾಣದೆತ್ತಿನಂತೆ ಸುತ್ತುತ್ತದೆ. ಅದನ್ನು ಚಾಲೂ ಮಾಡಲು ಅರ್ಧ ಗಂಟೆ ಬಡಿದಾಡಿದರು. ಬೆರಳಿನಿಂದ ಫ್ಯಾನು ತಿರುವಿ, ಒದೆ ತಿಂದು, ಬೆರಳು ಬಾಯಿಗಿಟ್ಟುಕೊಂಡು, ಮತ್ತೆ ತಿರುವಿ. ಕೊನೆಗೆ ಹತ್ತಿಕೊಂಡಾಗ ಸಾವಿರ ಕಣಜ ಒಟ್ಟಿಗೆ ಎದ್ದ ಸದ್ದು. ನಾಲ್ಕು ನಿಮಿಷ ಆಗಿತ್ತೋ ಇಲ್ಲವೋ, ಪಟ್ ಅಂತ ನಿಂತೇಹೋಯಿತು. ವಿಮಾನ ಸದ್ದಿಲ್ಲದೆ ತೇಲಿ ಬಂದು ಮಣ್ಣಿಗೆ ಮೂಗು ಊರಿತು. ಗಾಳಿಯಲ್ಲಿ ಉಳಿದದ್ದು ಒಂದು ವಾಸನೆ. ನಮಗೆಲ್ಲ ಗೊತ್ತಿದ್ದ ವಾಸನೆ. ಹರಳೆಣ್ಣೆ!

ನಗಬೇಡಿ, ನಿಜ. ನಮ್ಮ ಕಡೆ ಶೇಂಗಾ ಹೊಲದ ಅಂಚಿಗೆ ಸಾಲು ಹಿಡಿದು ನಿಲ್ಲುವ ಔಡಲ ಗಿಡದ ಎಣ್ಣೆಯೇ ಮಾದರಿ ವಿಮಾನದ ಇಂಜಿನ್ನಿನ ಹಳೆಯ ಗೆಳೆಯ. ಮಾದರಿ ಇಂಜಿನ್ನಿನ ಇಂಧನ ಎಂದರೆ ಹೆಚ್ಚು ಪಾಲು ಮೆಥನಾಲ್, ಐದರಲ್ಲೊಂದು ಪಾಲಿನ ಆಸುಪಾಸು ಹರಳೆಣ್ಣೆ ಅಥವಾ ಕೃತಕ ಎಣ್ಣೆ, ಹುರುಪಿಗೆ ಒಂದಿಷ್ಟು ನೈಟ್ರೋಮೀಥೇನ್. ಹರಳೆಣ್ಣೆ ಮೆಥನಾಲಿನಲ್ಲಿ ಕರಗುತ್ತದೆ, ಎಂಥ ಕಾವಿಗೂ ಲೋಹವನ್ನು ಬಿಟ್ಟುಕೊಡುವುದಿಲ್ಲ. ಪಿಸ್ಟನ್ನಿಗೆ ಅದು ಆಪ್ತರಕ್ಷಕ. ಆದರೆ ಅದು ಇಂಧನವಾಗಿ ಕೆಲಸಕ್ಕೆ ಬಾರದು. ಟ್ಯಾಂಕಿನಲ್ಲಿ ಐದರಲ್ಲೊಂದು ಪಾಲು ಜಾಗ ಹಿಡಿದು, ಬಹುಪಾಲು ಸುಡದೆ, ವಿಮಾನದ ಹೊಟ್ಟೆಗೆ ಅಂಟುತ್ತ ಹೊರಗೆ ಹೋಗುತ್ತದೆ.

ಮೆಥನಾಲಿನದು ಇನ್ನೊಂದು ತಕರಾರು. ಒಂದು ಕೆಜಿ ಪೆಟ್ರೋಲಿನಲ್ಲಿ ಸುಮಾರು 44 ಮೆಗಾಜೂಲ್ ಶಕ್ತಿ ಇದ್ದರೆ ಒಂದು ಕೆಜಿ ಮೆಥನಾಲಿನಲ್ಲಿ ಇರುವುದು 20ರ ಹತ್ತಿರ, ಅರ್ಧಕ್ಕಿಂತ ಕಡಿಮೆ. ಅದೇ ಗಾಳಿಗೆ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಮೆಥನಾಲ್ ಬೇಕು. ಸಾಲದ್ದಕ್ಕೆ ಟೂ-ಸ್ಟ್ರೋಕ್ ಇಂಜಿನ್, ಅಂದರೆ ಹೊಗೆ ಹೊರಗೆ ತಳ್ಳುವ ಭರದಲ್ಲಿ ಹೊಸ ಇಂಧನದ ಒಂದಿಷ್ಟು ಪಾಲನ್ನೂ ಬಾಗಿಲಾಚೆ ಹಾಕುವ ಮನೆ. 10 ಸಿಸಿಯ ಇಂಥದೊಂದು ಇಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ನಿಮಿಷಕ್ಕೆ 25-30 ಮಿಲಿ ಕುಡಿಯುತ್ತದೆ. ನಾಲ್ಕು ನಿಮಿಷಕ್ಕೆ ನಿಂತದ್ದರಲ್ಲಿ ಸೋಜಿಗವೇನಿಲ್ಲ.

ಸೋಜಿಗ ಎಂದರೆ ಇದು, ಮೊದಲು ಹೀಗಿರಲಿಲ್ಲ. 1930ರ ದಶಕದ ಅಮೆರಿಕದ ಮಾದರಿ ಇಂಜಿನ್‌ಗಳು ಪೆಟ್ರೋಲಿನಲ್ಲಿ, ಕಿಡಿ ಹೊಡೆಯುವ ಪ್ಲಗ್ಗಿನಲ್ಲಿ ಓಡುತ್ತಿದ್ದವು. ಬಿಲ್ ಬ್ರೌನ್ ಎಂಬ ಯುವಕ ಮಾಡಿದ 'ಬ್ರೌನ್ ಜೂನಿಯರ್' ಇಂಜಿನ್ನನ್ನು ಮ್ಯಾಕ್ಸ್‌ವೆಲ್ ಬ್ಯಾಸೆಟ್ ಎಂಬವನು ವಿಮಾನಕ್ಕೆ ಕಟ್ಟಿಕೊಂಡು 1933ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ರಬ್ಬರ್ ತಿರುಚಿ ಹಾರಿಸುವವರನ್ನೆಲ್ಲ ಗುಡಿಸಿಹಾಕಿದ. ಮುಂದೆ ಇಂಜಿನ್ ವಿಮಾನಗಳಿಗೆ ಬೇರೆ ಪಂಕ್ತಿಯನ್ನೇ ಹಾಕಬೇಕಾಯಿತು. ಟೆಕ್ಸಾಕೊ ಟ್ರೋಫಿ ಎಂಬ ಪಂದ್ಯದಲ್ಲಂತೂ ವಿಮಾನದ ತೂಕಕ್ಕೆ ತಕ್ಕಷ್ಟೇ ಇಂಧನ ಅಳೆದು ಕೊಡುತ್ತಿದ್ದರು. ಯಾರು ಆ ಅಳತೆಯನ್ನು ಹೆಚ್ಚು ಹೊತ್ತು ಎಳೆಯುತ್ತಾರೋ ಅವರಿಗೆ ಗೆಲುವು. ಸೊಸೆಗೆ ಎಣ್ಣೆ ಅಳೆದುಕೊಡುವ ಅತ್ತೆಯ ಲೆಕ್ಕ. ಓಟದ ಹೊತ್ತು ಹೆಚ್ಚಿಸುವ ವಿದ್ಯೆಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಬೇಕಿರಲಿಲ್ಲ.

1947ರ ಸುಮಾರಿಗೆ ರೇ ಆರ್ಡೆನ್ ಎಂಬವನು ಗ್ಲೋ ಪ್ಲಗ್ಗನ್ನು ಮಾರುಕಟ್ಟೆಗೆ ತಂದ, ಆ ಪಾಠಶಾಲೆಗೆ ಬೀಗ ಬಿತ್ತು. ಪ್ಲಾಟಿನಂ ತಂತಿಯ ಪುಟ್ಟ ಸುರುಳಿ. ಶುರುವಿಗೆ ಒಂದು ಸೆಲ್ಲಿನಿಂದ ಕೆಂಪಗೆ ಕಾಯಿಸಿದರೆ ಸಾಕು. ಇಂಜಿನ್ ಹತ್ತಿದ ಮೇಲೆ ಸೆಲ್ ಕಿತ್ತುಹಾಕಬಹುದು, ಮೆಥನಾಲಿನ ಆವಿ ತಾಗುತ್ತಿರುವವರೆಗೆ ಪ್ಲಾಟಿನಂ ತಾನೇ ಕೆಂಡವಾಗಿರುತ್ತದೆ. ಕಾಯಿಲ್ ಬೇಡ, ಕಂಡೆನ್ಸರ್ ಬೇಡ, ಬ್ಯಾಟರಿ ಹೊರುವುದೂ ಬೇಡ. ತೂಕ ಇಳಿಯಿತು, ಬಲ ಏರಿತು. ಆದರೆ ಪ್ಲಾಟಿನಂ ಜೊತೆ ಈ ಹೊಂದಾಣಿಕೆ ಮೆಥನಾಲಿನದೇ ಹೊರತು ಪೆಟ್ರೋಲಿನದಲ್ಲ. ಸುಖ ಬಂತು, ಜೊತೆಗೆ ಕುಡುಕ ಇಂಧನವೂ ಬಂತು. ಹಾರಾಟದ ಆಟ ಹತ್ತು ನಿಮಿಷದ್ದಾದಾಗ ಅದರ ಬಗ್ಗೆ ಯಾರಿಗೂ ಬೇಜಾರಿರಲಿಲ್ಲ.

ಬೇಜಾರಿದ್ದದ್ದು ಮೇನಾರ್ಡ್ ಹಿಲ್‌ಗೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಲೋಹಶಾಸ್ತ್ರಜ್ಞ. ಸಂಬಳದ ಕೆಲಸ ಲೋಹ, ಜೀವ ಹೋಗುವಷ್ಟು ಪ್ರೀತಿ ಮಾದರಿ ವಿಮಾನ. 1970ರಲ್ಲಿ ರೇಡಿಯೊ ವಿಮಾನವೊಂದನ್ನು 26,990 ಅಡಿಗೆ ಏರಿಸಿದ. 1992ರ ಅಕ್ಟೋಬರಿನಲ್ಲಿ 33 ಗಂಟೆ 39 ನಿಮಿಷ ಒಂದೇ ಸಮ ಹಾರಿಸಿ ದಾಖಲೆ ಮಾಡಿದ. ಎಪ್ಪತ್ತರ ಹತ್ತಿರ ಬಂದ ಮೇಲೆ ಅವನ ತಲೆಗೆ ಹೊಕ್ಕ ಹುಳ ಅಟ್ಲಾಂಟಿಕ್. ನ್ಯೂಫೌಂಡ್‌ಲ್ಯಾಂಡ್‌ನಿಂದ ಐರ್ಲೆಂಡ್‌ಗೆ, ಸುಮಾರು 3000 ಕಿ.ಮೀ., ಮಾದರಿ ವಿಮಾನದಲ್ಲಿ.

ವೈಮಾನಿಕ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮ ನಿಷ್ಠುರವಾಗಿತ್ತು: ಮಾದರಿ ವಿಮಾನ ಎನ್ನಿಸಿಕೊಳ್ಳಬೇಕಾದರೆ ಇಂಜಿನ್ 10 ಸಿಸಿ ಮೀರಬಾರದು, ತೂಕ 5 ಕೆಜಿ ಮೀರಬಾರದು. ಹಿಲ್‌ಗಿಂತ ಮೊದಲೇ, 1998ರ ಆಗಸ್ಟಿನಲ್ಲಿ, ಏರೋಸಾಂಡ್ ಎಂಬ ಹವಾಮಾನ ಡ್ರೋನ್ 26 ಗಂಟೆ 45 ನಿಮಿಷದಲ್ಲಿ ಅದೇ ಸಮುದ್ರ ದಾಟಿತ್ತು. ಅದರದೂ ಮಾದರಿ ವಿಮಾನದ ಇಂಜಿನ್ನೇ, ಪೆಟ್ರೋಲಿಗೆ ಒಗ್ಗಿಸಿದ ಜಪಾನಿನ ಎನ್ಯಾ. ಆದರೆ ಅದು ಈ ಅಳತೆಗೆ ಮೀರಿದ್ದು. 5 ಕೆಜಿ ಒಳಗೆ ಎಂದರೆ ಅರ್ಧಕ್ಕರ್ಧ ಇಂಧನ ಇಟ್ಟರೂ ಎರಡೂವರೆ ಕೆಜಿ ದಾಟುವ ಹಾಗಿಲ್ಲ.

ಇಲ್ಲಿಯೇ ಟ್ಯಾಂಕ್ ದೊಡ್ಡದು ಮಾಡುವ ಉಪಾಯ ಮುಗ್ಗರಿಸುವುದು. ದೂರದ ಜಾತ್ರೆಗೆ ಗಾಡಿ ಕಟ್ಟುವಾಗ ನಮ್ಮಜ್ಜ ಎತ್ತಿನ ಮೇವು ಹೇರುವುದನ್ನು ಅಳೆದೂ ಸುರಿದೂ ಮಾಡುತ್ತಿದ್ದ. ಮೇವು ಜಾಸ್ತಿ ಹೇರಿದರೆ ಆ ಮೇವನ್ನು ಎಳೆಯಲೆಂದೇ ಎತ್ತು ಇನ್ನಷ್ಟು ಮೇವು ತಿನ್ನುತ್ತದೆ. ವಿಮಾನದಲ್ಲಿಯೂ ಅಷ್ಟೇ: ಹೆಚ್ಚು ಹೊರೆ ಹೊತ್ತರೆ ರೆಕ್ಕೆ ಹೆಚ್ಚು ಎತ್ತಬೇಕು, ಹೆಚ್ಚು ಎತ್ತಲು ಹೆಚ್ಚು ಎಳೆಯಬೇಕು, ಎಳೆಯಲು ಹೆಚ್ಚು ಸುಡಬೇಕು. ಎರಡನೆಯ ಲೀಟರು ಮೊದಲನೆಯ ಲೀಟರಿನಷ್ಟು ಹೊತ್ತು ಕೊಡುವುದಿಲ್ಲ, ಮೂರನೆಯದು ಎರಡನೆಯದರಷ್ಟು ಕೊಡುವುದಿಲ್ಲ. ಹಿಲ್‌ಗೆ ಉಳಿದ ದಾರಿ ಒಂದೇ. ಹೊಟ್ಟೆ ದೊಡ್ಡದು ಮಾಡುವುದಲ್ಲ, ಬಾಯಿ ಸಣ್ಣದು ಮಾಡುವುದು.

ಅವನು ಆರಿಸಿಕೊಂಡದ್ದು ಅಂಗಡಿಯಲ್ಲಿ ಸಿಗುವ ಓಎಸ್ ಕಂಪನಿಯ 10 ಸಿಸಿ ಫೋರ್-ಸ್ಟ್ರೋಕ್ ಇಂಜಿನ್. ಟೂ-ಸ್ಟ್ರೋಕಿನ ಪೋಲು ಅಲ್ಲಿಗೆ ನಿಂತಿತು. ಗ್ಲೋ ಪ್ಲಗ್ ಕಿತ್ತು ಹಳೆಯ ಕಾಲದ ಕಿಡಿಯನ್ನು ಮತ್ತೆ ಕೂರಿಸಿದ, ಈ ಸಲ ಹಗುರ ಎಲೆಕ್ಟ್ರಾನಿಕ್ ಕಿಡಿ. ಗ್ಲೋ ಪ್ಲಗ್ಗಿನ ಕೆಂಡಕ್ಕೆ ಹೊತ್ತುಗೊತ್ತಿಲ್ಲ, ಕಾವು ಇಳಿದರೆ ಆರುತ್ತದೆ. ಕಿಡಿಗೆ ಹಾಗಲ್ಲ, ಹೇಳಿದ ಕ್ಷಣಕ್ಕೆ ಹೊಡೆಯುತ್ತದೆ. ಆದ್ದರಿಂದ ಇಂಜಿನ್ ಎಷ್ಟು ನಿಧಾನ ತಿರುಗಿದರೂ, ಇಂಧನದ ಮಿಶ್ರಣ ಎಷ್ಟು ಬಡಕಲಾದರೂ ಹತ್ತುತ್ತದೆ. ಕಿಡಿ ಬಂದದ್ದರಿಂದ ಮೆಥನಾಲಿನ ಹಂಗೂ ಹೋಯಿತು. ಹಾಕಿದ್ದು ಏನು ಗೊತ್ತೆ? ಕೋಲ್ಮನ್ ಲಾಟೀನಿನ ಎಣ್ಣೆ. ನಮ್ಮ ಮದುವೆ ಮೆರವಣಿಗೆಯ ಪೆಟ್ರೋಮ್ಯಾಕ್ಸಿನ ಅಮೆರಿಕದ ದಾಯಾದಿ ಅದು, ಉರಿಸುವುದು ಸೀಮೆಎಣ್ಣೆಯಲ್ಲ, ಶುದ್ಧ ಮಾಡಿದ ನಾಫ್ತಾ. ಸೀಸವಿಲ್ಲ, ಸುಟ್ಟ ಮೇಲೆ ಮಸಿ ಕಡಿಮೆ. ಹರಳೆಣ್ಣೆಯನ್ನೂ ಕೈಬಿಟ್ಟ. ಗಂಟೆಗಟ್ಟಲೆ ಓಡಿದರೆ ಹರಳೆಣ್ಣೆ ಕವಾಟಗಳ ಮೇಲೆ ಅರಗಿನಂತೆ ಕಟ್ಟುತ್ತದೆ. ಬದಲಿಗೆ ಕುರುಹು ಬಿಡದೆ ಸುಟ್ಟುಹೋಗುವ ಕೃತಕ ಎಣ್ಣೆ. ಔಡಲ ಬೆಳೆಯುವ ಜಿಲ್ಲೆಯವನಾಗಿ ಇದನ್ನು ಬರೆಯಲು ಸ್ವಲ್ಪ ಕಸಿವಿಸಿಯೇ.

ಇನ್ನು ಗಾಳಿಗೆ ಇಂಧನ ಬೆರೆಸುವ ಕಾರ್ಬ್ಯುರೇಟರ್. ಕಂಪನಿಯವರು ಮಾಡಿದ್ದು ಪೂರ್ತಿ ಬಲಕ್ಕೆ, ಅಗಲ ಗಂಟಲಿನದು. ನಿಧಾನ ತಿರುಗುವ ಇಂಜಿನ್ನಿಗೆ ಅಗಲ ಗಂಟಲಲ್ಲಿ ಗಾಳಿ ಸೋಮಾರಿಯಾಗುತ್ತದೆ, ಇಂಧನವನ್ನು ಹೀರುವ ಸೆಳೆತ ಹುಟ್ಟುವುದಿಲ್ಲ. ಗಂಟಲು ಕಿರಿದು ಮಾಡಬೇಕು, ಇಂಧನ ಬಿಡುವ ಸೂಜಿಯ ರಂಧ್ರ ಅದಕ್ಕಿಂತ ಕಿರಿದು ಮಾಡಬೇಕು. ಹೊಸದುರ್ಗ, ಹಿರಿಯೂರು ಕಡೆಯ ದಾಳಿಂಬೆ ತೋಟದವರಿಗೆ ಈ ಸೂಜಿಯ ಕಷ್ಟ ಹೇಳಬೇಕಾಗಿಲ್ಲ. ಡ್ರಿಪ್ಪರಿಗೆ ಒಂದು ಕಾಳು ಮರಳು ಸಿಕ್ಕರೆ ಆ ಗಿಡ ಒಣಗಿತು. ಇಲ್ಲಿ ಒಂದು ಚೂರು ಕಸ ಸಿಕ್ಕರೆ ವಿಮಾನ ಸಮುದ್ರ ಪಾಲು.

ಎಷ್ಟು ಕಿರಿದು ಎಂದು ಲೆಕ್ಕ ಹಾಕಿ ನೋಡಿದೆ. ಹಾರುವಾಗ ಇಂಜಿನ್ ಕುಡಿದದ್ದು ಗಂಟೆಗೆ ಸುಮಾರು 60 ಗ್ರಾಂ. ಅಂದರೆ 85 ಮಿಲಿ, ದರ್ಶಿನಿಯಲ್ಲಿ ಕೊಡುವ ಒಂದು ಬೈಟು ಕಾಫಿ. ತಿರುಗಿದ್ದು ನಿಮಿಷಕ್ಕೆ 4000 ಸುತ್ತಿನ ಹತ್ತಿರ. ಫೋರ್-ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಂದು ಗುಟುಕು, ಆದ್ದರಿಂದ ನಿಮಿಷಕ್ಕೆ 2000 ಗುಟುಕು. ಔಷಧಿ ಸೀಸೆಯ ಡ್ರಾಪರಿನಿಂದ ಬೀಳುವ ಒಂದು ಹನಿ ಇದೆಯಲ್ಲ, 1 ಮಿಲಿಗೆ 20 ಹನಿ ಎಂದು ಹಿಡಿದರೆ, ಅಂಥ ಒಂದು ಹನಿಯನ್ನು ಈ ಇಂಜಿನ್ ಎಪ್ಪತ್ತು ಗುಟುಕು ಮಾಡಿಕೊಂಡು ಕುಡಿಯುತ್ತದೆ. ಆ ಎಪ್ಪತ್ತೂ ಸಲ ಕಿಡಿ ಹತ್ತಬೇಕು. ಒಂದು ಹನಿಗೆ ಎರಡು ಸೆಕೆಂಡು ಆಕಾಶ, ಅಷ್ಟರಲ್ಲಿ 40 ಮೀಟರ್ ದಾರಿ.

ಇಷ್ಟು ನಿಧಾನ ತಿರುಗಿ ವಿಮಾನ ಎತ್ತುವುದು ಹೇಗೆ? ಉತ್ತರ ನಮ್ಮ ಗುಡ್ಡಗಳ ಮೇಲೆಯೇ ನಿಂತಿದೆ. ಜೋಗಿಮಟ್ಟಿ ಮೇಲೆ, ಹೊಸದುರ್ಗ ಹೊಳಲ್ಕೆರೆ ಕಡೆಯ ದಿಬ್ಬಗಳ ಮೇಲೆ ಆಷಾಢದ ಗಾಳಿಗೆ ತಿರುಗುವ ಗಾಳಿಯಂತ್ರಗಳನ್ನು ನೋಡಿ. ಉದ್ದುದ್ದ ಅಲಗು, ಆನೆಯ ನಡಿಗೆ. ಬಹಳ ಗಾಳಿಯನ್ನು ಮೆತ್ತಗೆ ಹಿಡಿಯುವುದು ಅವುಗಳ ಗುಟ್ಟು. ಗಾಳಿಯಂತ್ರ ಗಾಳಿಯಿಂದ ಪಡೆಯುತ್ತದೆ, ಪ್ರೊಪೆಲ್ಲರ್ ಗಾಳಿಗೆ ಕೊಡುತ್ತದೆ, ನಿಯಮ ಅದೇ. ಸಣ್ಣ ಫ್ಯಾನು ಹುಚ್ಚು ಹಿಡಿದಂತೆ ತಿರುಗಿ ಸ್ವಲ್ಪ ಗಾಳಿಯನ್ನು ಒದ್ದು ಓಡಿಸುವುದಕ್ಕಿಂತ ದೊಡ್ಡ ಫ್ಯಾನು ನಿಧಾನಕ್ಕೆ ಹೆಚ್ಚು ಗಾಳಿಯನ್ನು ಹಿಂದಕ್ಕೆ ಸರಿಸುವುದು ಲಾಭ. ಹಿಲ್ ಹಾಕಿದ್ದು 14 ಇಂಚು ಅಗಲದ, ಒಂದು ಸುತ್ತಿಗೆ 12 ಇಂಚು ಮುಂದೆ ಸಾಗುವ ಮರದ ಪ್ರೊಪೆಲ್ಲರ್. 12 ಇಂಚು ಎಂದರೆ 30 ಸೆಂ.ಮೀ. ಚಿಲ್ಲರೆ. ನಿಮಿಷಕ್ಕೆ 4000 ಸುತ್ತು ಎಂದರೆ ಗಂಟೆಗೆ 70 ಕಿ.ಮೀ. ದಾಟುತ್ತದೆ. ವಿಮಾನದ ವೇಗವೂ ಹೆಚ್ಚುಕಡಿಮೆ ಅಷ್ಟೇ, ಚಿತ್ರದುರ್ಗದಿಂದ ಹೊರಟ ಕೆಂಪು ಬಸ್ಸಿನ ವೇಗ.

ಇಷ್ಟನ್ನೂ ಮಾಡಿದವನಿಗೆ ಆ ಹೊತ್ತಿಗೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ಕಾನೂನಿನ ಲೆಕ್ಕದಲ್ಲಿ ಕುರುಡ. ಕಿವಿಯೂ ಮಂದ. ಬಾಲ್ಸಾ ಮರದ ಪಟ್ಟಿಗಳನ್ನು ಬೆರಳಿನಿಂದ ತಡವಿ ಕೂರಿಸುತ್ತಿದ್ದ. ಗೆಳೆಯರು ಜಿಪಿಎಸ್ ಮತ್ತು ಆಟೊಪೈಲಟ್ ನೋಡಿಕೊಂಡರು. ಪರೀಕ್ಷೆಗೆ ತನ್ನ ಜಮೀನು ಬಿಟ್ಟುಕೊಟ್ಟ ಬೀಚರ್ ಬಟ್ಸ್ ಎಂಬ ರೈತನ ಹೆಸರನ್ನೇ ವಿಮಾನಕ್ಕಿಟ್ಟರು, 'ಸ್ಪಿರಿಟ್ ಆಫ್ ಬಟ್ಸ್ ಫಾರ್ಮ್'. ವಿಮಾನಕ್ಕೆ ಹೊಲದ ಹೆಸರಿಡುವ ಸೌಜನ್ಯ ನನಗೆ ಬಹಳ ಹಿಡಿಸಿತು. ನಮ್ಮ ಪರೀಕ್ಷಾ ನೆಲೆಯ 4290 ಎಕರೆ ಒಂದು ಕಾಲಕ್ಕೆ ಅಮೃತಮಹಲ್ ಕಾವಲು, ಕುರಿ ದನ ಮೇಯುತ್ತಿದ್ದ ಹುಲ್ಲುಗಾವಲು. ಅಲ್ಲಿಂದ ಏರಿದ ಯಾವುದಕ್ಕೂ ಆ ಕಾವಲಿನ ಹೆಸರು ಬಂದಿಲ್ಲ.

ತಪಸ್ಸಿನ 18 ಗಂಟೆಯನ್ನು ಹಿಲ್‌ನ ಆಟಿಕೆಯ ಪಕ್ಕದಲ್ಲಿಟ್ಟು ಹೀಗಳೆಯುವುದು ಅನ್ಯಾಯ, ಅದನ್ನೂ ಹೇಳಿಬಿಡುತ್ತೇನೆ. ಹಿಲ್‌ನ ವಿಮಾನ ಹೊತ್ತದ್ದು ತನ್ನ ಇಂಧನ ಮತ್ತು ಪುಟ್ಟ ಎಲೆಕ್ಟ್ರಾನಿಕ್ಸ್ ಮಾತ್ರ, ಹಾರಿದ್ದು ಸಮುದ್ರಕ್ಕೆ ಹತ್ತಿರದ ದಪ್ಪ ಗಾಳಿಯಲ್ಲಿ. ತಪಸ್ ಕ್ಯಾಮೆರಾ, ರಾಡಾರು ಹೊತ್ತು 30,000 ಅಡಿ ಏರಬೇಕು. 28,000 ಅಡಿಯಲ್ಲೇ ಗಾಳಿಯ ಸಾಂದ್ರತೆ ನೆಲದ ಮೇಲಿನದರ ಶೇ. 40ರಷ್ಟು. ಪಿಸ್ಟನ್ ಇಂಜಿನ್ನಿಗೆ ಉಸಿರೇ ಸಿಗದು, ಟರ್ಬೊ ಕಟ್ಟಿ ಗಾಳಿ ತುರುಕಬೇಕು. ಏರುವುದಕ್ಕೇ ಎಷ್ಟೋ ಇಂಧನ ಹೋಗುತ್ತದೆ. 2023ರ ಜೂನ್ 16ರಂದು ಅದೇ ತಪಸ್ ಬೆಳಿಗ್ಗೆ 7.35ಕ್ಕೆ ನಮ್ಮ ಕಾವಲಿನಿಂದ ಎದ್ದು, 285 ಕಿ.ಮೀ. ದೂರದ ಕಾರವಾರದ ಕಡೆ ಹೋಗಿ, ಸಮುದ್ರದಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗಿನ ಕೈಗೆ ತನ್ನ ಲಗಾಮು 40 ನಿಮಿಷ ಒಪ್ಪಿಸಿ, ಮೂರೂವರೆ ಗಂಟೆಯಲ್ಲಿ ವಾಪಸ್ ಬಂದಿಳಿಯಿತು. ಅದು ಸಣ್ಣ ಸಾಧನೆಯಲ್ಲ. ಆದರೂ ಬೇಡಿಕೆಯ ಎತ್ತರ, ಬೇಡಿಕೆಯ ಗಂಟೆ ಎರಡೂ ಕೈಗೆ ಸಿಗಲಿಲ್ಲ. ಯೋಜನೆಯ ಆದ್ಯತೆ ತಗ್ಗಿಸಿದ ಸುದ್ದಿ 2024ರ ಜನವರಿಯಲ್ಲಿ ಬಂತು. ಅದೇ ಓಡುದಾರಿಯ ಮೇಲೆ ಇಸ್ರೊದ ರೆಕ್ಕೆಯ ನೌಕೆ 2023ರ ಏಪ್ರಿಲ್ 2ರಂದು, ಆಮೇಲೆ 2024ರಲ್ಲಿ ಎರಡು ಸಲ, ಹೆಲಿಕಾಪ್ಟರಿನಿಂದ ಬಿಡಿಸಿಕೊಂಡು ಇಂಜಿನ್ ಇಲ್ಲದೆಯೇ ತೇಲಿ ಬಂದು ಇಳಿಯಿತು. ಇಂಧನದ ಚಿಂತೆಯೇ ಇಲ್ಲ. ಅದು ಬೇರೆ ಸಂಸಾರ.

ಹಿಲ್‌ಗೂ ಒಂದೇ ಏಟಿಗೆ ಸಿಕ್ಕಿದ್ದಲ್ಲ. ಹಿಂದಿನ ವಿಮಾನಗಳು ಒಂದಾದ ಮೇಲೊಂದು ಅಟ್ಲಾಂಟಿಕ್ ಪಾಲಾದವು. ಐದನೆಯದನ್ನು 2003ರ ಆಗಸ್ಟ್ 9ರ ಸಂಜೆ ನ್ಯೂಫೌಂಡ್‌ಲ್ಯಾಂಡಿನ ಕೇಪ್ ಸ್ಪಿಯರ್‌ನಲ್ಲಿ 77ರ ಮುದುಕ ತನ್ನ ಕೈಯಾರೆ ಗಾಳಿಗೆ ಎಸೆದ. ಕಣ್ಣಿಗೆ ಕಾಣುವವರೆಗೆ ರೇಡಿಯೊದಲ್ಲಿ ನಡೆಸಿ, ಆಮೇಲೆ ಆಟೊಪೈಲಟ್ಟಿನ ಕೈಗೆ ಬಿಟ್ಟರು. ರಾತ್ರಿ ಕಳೆಯಿತು, ಹಗಲು ಕಳೆಯಿತು, ಇನ್ನೊಂದು ರಾತ್ರಿ. ನಡುವೆ ಉಪಗ್ರಹದ ಮೂಲಕ ಬರುತ್ತಿದ್ದ ಮಾಹಿತಿ ಕೆಲವು ಗಂಟೆ ನಿಂತೇಹೋಯಿತು, ಇದೂ ಮುಳುಗಿತು ಅಂದುಕೊಂಡರು. ಮತ್ತೆ ಬಂತು. ಇಳಿಯುವವರೆಗೂ ಆ ಪುಟ್ಟ ಇಂಜಿನ್ ತಿರುಗುತ್ತಲೇ ಇತ್ತು, ಒಟ್ಟು ಸುಮಾರು 90 ಲಕ್ಷ ಸುತ್ತು.

11ರ ಮಧ್ಯಾಹ್ನ ಐರ್ಲೆಂಡಿನ ಕ್ಲಿಫ್ಡನ್ ಹತ್ತಿರದ ಮ್ಯಾನಿನ್ ಬೀಚಿನಲ್ಲಿ ಕಾಯುತ್ತ ನಿಂತಿದ್ದವರಿಗೆ ಮೊದಲು ಕಂಡದ್ದು ಮೋಡದ ಕೆಳಗೊಂದು ಚುಕ್ಕೆ. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಲ್ಲಿಯೂ ಇಳಿಯದೆ ಮೊದಲ ಸಲ ಅಟ್ಲಾಂಟಿಕ್ ದಾಟಿ ಬಂದಿಳಿದದ್ದೂ ಆ ಕ್ಲಿಫ್ಡನ್ ಬಳಿಯ ಕೆಸರು ಬಯಲಿಗೇ. ಡೇವ್ ಬ್ರೌನ್ ಎಂಬ ಗೆಳೆಯ ರೇಡಿಯೊ ಹಿಡಿದು ವಿಮಾನವನ್ನು ಹುಲ್ಲಿನ ಮೇಲೆ ಇಳಿಸಿದ. ಗಡಿಯಾರ 38 ಗಂಟೆ 52 ನಿಮಿಷ ತೋರಿಸುತ್ತಿತ್ತು. ಟ್ಯಾಂಕಿನ ತಳದಲ್ಲಿ ಉಳಿದದ್ದು ಎರಡು ಔನ್ಸಿಗೂ ಕಡಿಮೆ, ಒಂದು ಗಂಟೆಗೂ ಸಾಲದಷ್ಟು.